ಫೋಟೋ ಆದ ಮೇಲೆ ಬಿಚ್ಚುವ ಹುಕ್ಕು

ಶಹಾಪುರದ ಅತೀಕನಿಗೆ ಸುರಕ್ಷತೆಯ ಪ್ರಶಸ್ತಿ ಬಂದಿದೆಯೆಂದು ಕೇಳಿ ಮೊದಲು ಬಿದ್ದು ಬಿದ್ದು ನಕ್ಕವಳು ಅವನ ಹೆಂಡತಿ ಗುಲಫಶಾ. "ತುಮ್ಕೂ? ಸೇಫ್ಟೀಕಾ ಇನಾಮ್?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳ ತಪ್ಪೇನೂ ಇರಲಿಲ್ಲ. ಕಂಪನಿ ಕೊಟ್ಟ ಹೆಲ್ಮೆಟ್ಟಿನಲ್ಲಿ ಸಂತೆಯಿಂದ ಟೊಮೆಟೊ ತರುವ ಗಂಡನ ಜೊತೆ ಹದಿನಾರು ವರ್ಷ ಸಂಸಾರ ಮಾಡಿದವಳು.

ಅತೀಕನ ಕೆಲಸ ಮೊಬೈಲ್ ಟವರ್ ಹತ್ತುವುದು. ಯಾದಗಿರಿ, ಶಹಾಪುರ, ಸುರಪುರ ಮೂರೂ ತಾಲೂಕಿನಲ್ಲಿ ಅವನು ಹತ್ತದ ಟವರಿಲ್ಲ. ಸಿಗ್ನಲ್ ಹೋದರೆ ಜನ ಸರ್ಕಾರಕ್ಕಿಂತ ಮೊದಲು ಅವನನ್ನು ಬೈಯುತ್ತಿದ್ದರು. ಸಿಗ್ನಲ್ ಬಂದಾಗ ಮಾತ್ರ ಯಾರಿಗೂ ಅವನ ನೆನಪಾಗುತ್ತಿರಲಿಲ್ಲ. ವಯಸ್ಸು ನಲವತ್ತೊಂದು, ಹತ್ತಲು ಶುರುಮಾಡಿ ಹದಿನೇಳು ವರ್ಷ, ಬಿದ್ದದ್ದು ಒಂದೇ ಸಲ, ಅದೂ ಮನೆಯ ಬಚ್ಚಲಲ್ಲಿ.

ಕಂಪನಿಯದೊಂದು ಕಾನೂನಿತ್ತು. ಟವರ್ ಹತ್ತುವವನು ಸೊಂಟಕ್ಕೆ ಬೆಲ್ಟು ಕಟ್ಟಿ, ಅದರ ಎರಡೂ ಹುಕ್ಕುಗಳನ್ನು ಟವರಿನ ಕಬ್ಬಿಣಕ್ಕೆ ಸಿಕ್ಕಿಸಿ, ಒಂದು ಫೋಟೋ ತೆಗೆಸಿ ವಾಟ್ಸಾಪ್ ಗುಂಪಿಗೆ ಹಾಕಬೇಕು. ಫೋಟೋ ಬರದಿದ್ದರೆ ಆ ದಿನ ಗೈರುಹಾಜರಿ. ಈ ಕಾನೂನಿಗೆ ಅತೀಕ ಸ್ವಂತ ಬುದ್ಧಿಯಿಂದ ಒಂದು ಉಪಾಯ ಕಂಡುಹಿಡಿದಿದ್ದ. ನೆಲದಿಂದ ಹತ್ತೇ ಅಡಿ ಹತ್ತಿ ಹುಕ್ಕು ಹಾಕಿಕೊಂಡು ಗಂಭೀರವಾಗಿ ನಿಲ್ಲುವುದು. ಜೊತೆಗಾರ ದೇವಿಂದ್ರಪ್ಪ ಕೆಳಗೆ ಅಂಗಾತ ಮಲಗಿ ಮೊಬೈಲನ್ನು ಓರೆ ಹಿಡಿಯುವುದು. ಹಿಂದೆ ಬರೀ ಆಕಾಶ ಕಾಣಬೇಕು, ಮನುಷ್ಯ ಇನ್ನೂರು ಅಡಿ ಮೇಲೆ ನೇತಾಡುತ್ತಿದ್ದಾನೆ ಅನ್ನಿಸಬೇಕು. ದೇವಿಂದ್ರಪ್ಪ "ಆತು" ಎಂದ ಕೂಡಲೇ ಹುಕ್ಕು ಬಿಚ್ಚಿ ಬೆನ್ನಿಗೆ ಜೋತುಹಾಕಿ ಬರಿಗೈಯಲ್ಲಿ ಸರಸರ ಹತ್ತಿಬಿಡುವುದು. ಹುಕ್ಕು ಹಾಕುತ್ತ ಬಿಚ್ಚುತ್ತ ಹತ್ತಿದರೆ ಮುಕ್ಕಾಲು ತಾಸು, ಬರಿಗೈಯಲ್ಲಿ ಹತ್ತೇ ನಿಮಿಷ. ಯಾದಗಿರಿಯ ಬಿಸಿಲಿಗೆ ಕಾದ ಕಬ್ಬಿಣವನ್ನು ಮುಕ್ಕಾಲು ತಾಸು ತಬ್ಬಿಕೊಂಡಿರಲು ಅವನಿಗೇನು ಹುಚ್ಚೇ?

"ಬೆಲ್ಟ್ ಇರೋದು ಕಂಪನಿಗಿ, ಕೈ ಇರೋದು ನಮಗ" ಎನ್ನುತ್ತಿದ್ದ.

ಹೀಗೆ ಐದು ವರ್ಷ ಒಂದು ದಿನವೂ ಫೋಟೋ ತಪ್ಪಿಸಲಿಲ್ಲ. ದೇಶದಲ್ಲೇ ಇಂಥ ಶಿಸ್ತಿನ ಮನುಷ್ಯ ಇನ್ನೊಬ್ಬನಿಲ್ಲವೆಂದು ಬೆಲ್ಟು ತಯಾರಿಸುವ ವಿದೇಶಿ ಕಂಪನಿಯವರು ತೀರ್ಮಾನಿಸಿದರು. ಅವರು ಪರ್ವತಾರೋಹಿಗಳಿಗೂ ಹಗ್ಗ, ಬೆಲ್ಟು ಮಾರುವವರು. ಬಹುಮಾನ ಏನೆಂದರೆ ಸ್ವಿಟ್ಜರ್ಲೆಂಡಿನಲ್ಲಿ ಒಂದು ವಾರ, ಗೈಡಿನ ಜೊತೆ, ಗುಡ್ಡದ ಮೇಲಿನ ಮನೆಗಳಲ್ಲಿ ತಂಗುತ್ತ ನಾಲ್ಕು ಸಾವಿರ ಮೀಟರಿನ ಹಿಮಶಿಖರಗಳನ್ನು ಹತ್ತುವುದು.

"ಹತ್ತಿದ್ದಕ್ಕ ಇನಾಮು ಮತ್ತ ಹತ್ತೋದೇನ್ರಿ ಸಾಹೇಬ್ರ? ಒಂದು ಫ್ರಿಡ್ಜ್ ಕೊಟ್ಟಿದ್ರ ಆಗ್ತಿತ್ತಲ್ಲ" ಎಂದ ಅತೀಕ.

ಸಾಹೇಬರೆಂದರೆ ಸುರಪುರದ ನೀಲಕಂಠ, ಕಂಪನಿಯ ಸೇಫ್ಟಿ ಆಫೀಸರ್. ಅತೀಕನ ಹೆಸರು ಕಳಿಸಿದವರೂ ಅವರೇ, ಇಂಗ್ಲಿಷ್ ಬಲ್ಲ ಒಬ್ಬರು ಜೊತೆಗೆ ಬೇಕೇ ಬೇಕು ಎಂದು ಪತ್ರ ಬರೆದವರೂ ಅವರೇ. ಆ ಪತ್ರಕ್ಕೆ ಉತ್ತರ ಬರುವ ಮೊದಲೇ ಅವರು ಉಣ್ಣೆಯ ಟೊಪ್ಪಿ ಕೊಂಡಾಗಿತ್ತು.

ಹೊರಡುವ ಹೊತ್ತಿಗೆ ಆಷಾಢ. ವನದುರ್ಗದ ಟವರಿನಲ್ಲಿ ಹೊಸ ಆಂಟೆನಾ ಕೂಡಿಸುವ ಕೆಲಸ ಬಂದಿತ್ತು, ವಾರದ ಕೆಲಸ. ಆರು ವರ್ಷದಿಂದ ಕೆಳಗೆ ನಿಂತು ಹಗ್ಗ ಜಗ್ಗುತ್ತ ಫೋಟೋ ತೆಗೆಯುತ್ತ ಇದ್ದ ದೇವಿಂದ್ರಪ್ಪನೇ ಈ ಸಲ ಮೇಲೆ ಹತ್ತಬೇಕು. ಟವರ್ ಇರುವುದು ಅವನ ಊರಲ್ಲೇ. ಅವನ ಹೆಂಡತಿ ಅಂಬವ್ವ ಆಡು ಮೇಯಿಸುವುದೂ ಅದರ ಬುಡದಲ್ಲೇ. ಫೋಟೋ ಅವಳು ತೆಗೆದು ಗುಂಪಿಗೆ ಹಾಕಿದರಾಯಿತು.

ಅತೀಕ ಅವನ ಹೆಗಲ ಮೇಲೆ ಕೈಹಾಕಿ ವಿದ್ಯೆಯನ್ನೆಲ್ಲ ಧಾರೆಯೆರೆದ. "ಕೆಳಗ ನೋಡಬ್ಯಾಡ. ಹತ್ತಡಿಗಿ ಫೋಟೋ ತಗಸು. ಆಮ್ಯಾಲ ಹುಕ್ಕ್ ಹಾಕ್ಕೋತ ಕುಂದ್ರಬ್ಯಾಡ, ನಡಿ."

"ಹೂಂ ಭಾಯಿ" ಎಂದ ದೇವಿಂದ್ರಪ್ಪ. ಅತೀಕ ಹೇಳಿದ್ದನ್ನು ಅವನು ಯಾವತ್ತೂ ಮೀರಿದವನಲ್ಲ.

ಗುಲಫಶಾ ಇಪ್ಪತ್ತೈದು ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಕಟ್ಟಿಕೊಟ್ಟಳು. ವಿಮಾನ, ರೈಲು, ಬಸ್ಸು, ಕೊನೆಗೆ ನಾಲ್ಕು ತಾಸು ನಡಿಗೆ ಮುಗಿಸಿ ಅವರು ಮೂರು ಸಾವಿರ ಮೀಟರ್ ಎತ್ತರದ ಕಲ್ಲುಮನೆ ತಲುಪಿದರು. ಅಲ್ಲಿ ಬೂಟು ಹೊರಗೆ ಬಿಟ್ಟು, ಅವರೇ ಇಟ್ಟ ಚಪ್ಪಲಿ ಮೆಟ್ಟಿ ಒಳಗೆ ಹೋಗಬೇಕು. ಇದು ಅತೀಕನಿಗೆ ಹಿಡಿಸಿತು. ಮಾಳಿಗೆಯ ಮೇಲೆ ಸಾಲಾಗಿ ಇಪ್ಪತ್ತು ಮಂದಿ ಮಲಗುವುದು, ಇದೂ ಮದುವೆಮನೆಯ ಹಾಗೆ ಹಿಡಿಸಿತು. ಪಾಯಖಾನೆಯಲ್ಲಿ ನೀರಿಲ್ಲ ಎಂಬುದು ಮಾತ್ರ ಅವನ ತಲೆಗೇ ಹೋಗಲಿಲ್ಲ. ಸುತ್ತ ಕಣ್ಣು ಹಾಯುವಷ್ಟು ದೂರ ಹಿಮ, ಅದರ ನಡುವೆ ಕಾಗದ! ಅವನು ಖಾಲಿ ಬಾಟಲಿಯೊಂದಕ್ಕೆ ಹಿಮ ತುಂಬಿ ಜೇಬಿನಲ್ಲಿಟ್ಟು ಕರಗಿಸಿಕೊಳ್ಳತೊಡಗಿದ. ಎದುರಿನ ಗುಡ್ಡಗಳ ಹೆಸರೆಲ್ಲ ಹಾರ್ನ್ ಎಂದು ಮುಗಿಯುತ್ತಿದ್ದವು, ಆದರೆ ಒಂದೂ ಸದ್ದು ಮಾಡುತ್ತಿರಲಿಲ್ಲ.

ಗೈಡ್ ಎಂದರೆ ಪೈಲ್ವಾನನಂಥ ಗಂಡಸು ಬರುತ್ತಾನೆಂದು ಅತೀಕ ಎಣಿಸಿದ್ದ. ಬಂದವರು ಬ್ರಿಗಿತ್ ಎಂಬ ಅರವತ್ತು ವರ್ಷದ ಸಣಕಲು ಹೆಂಗಸು. ಮೂವತ್ತನಾಲ್ಕು ವರ್ಷದಿಂದ ಇದೇ ಕಸುಬು. ಬೂಟಿನ ತಳಕ್ಕೆ ಕಬ್ಬಿಣದ ಮುಳ್ಳು ಕಟ್ಟಿಸಿದರು, ಕೈಗೆ ಸಣ್ಣ ಕೊಡಲಿ ಕೊಟ್ಟರು, ಮೂವರನ್ನೂ ಒಂದೇ ಹಗ್ಗಕ್ಕೆ ಸೇರಿಸಿದರು. ಮುಂದೆ ತಾವು, ನಡುವೆ ನೀಲಕಂಠ ಸಾಹೇಬರು, ಕೊನೆಗೆ ಅತೀಕ. ಆಮೇಲೆ ಇಬ್ಬರ ಸೊಂಟದ ಹುಕ್ಕನ್ನೂ ಕೈಯಿಂದ ಜಗ್ಗಿ ನೋಡಿದರು. ಅದಾದ ಮೇಲೆ ತಾವೇ ಅತೀಕನ ಮುಂದೆ ನಿಂತು, ತಮ್ಮ ಗಂಟನ್ನು ಜಗ್ಗಿ ನೋಡು ಎಂದು ಸನ್ನೆ ಮಾಡಿದರು. ಮೂವತ್ತನಾಲ್ಕು ವರ್ಷ ಆದರೂ ಈ ಮುದುಕಿಗೆ ತನ್ನ ಗಂಟಿನ ಮೇಲೆ ನಂಬಿಕೆ ಬಂದಿಲ್ಲವಲ್ಲ ಎಂದು ಅವನಿಗೆ ಒಳಗೊಳಗೇ ನಗು.

ಎರಡನೆಯ ದಿನ ಬೆಳಗಾಗುತ್ತಲೇ ಹಿಮನದಿಯ ಅಂಚಿಗೆ ಬಂದರು. ನೀಲಕಂಠ ಸಾಹೇಬರು ಮೊಬೈಲ್ ತೆಗೆದರು. ಅತೀಕ ಬೆಲ್ಟು ಸರಿಮಾಡಿಕೊಂಡು ಹುಕ್ಕು ಕಾಣುವ ಹಾಗೆ ಎದೆ ಸೆಟೆಸಿ ನಿಂತ. ಫೋಟೋ ಆಯಿತು. ಆದ ಮರುಗಳಿಗೆಗೆ ಅವನ ಕೈ, ಅವನನ್ನು ಕೇಳದೆಯೇ, ಸೊಂಟಕ್ಕೆ ಹೋಗಿ ಹುಕ್ಕು ಬಿಚ್ಚಿತು. ಐದು ವರ್ಷದ ಅಭ್ಯಾಸ, ಯಾರಪ್ಪನ ಮಾತು ಕೇಳುತ್ತದೆ? ಹಗ್ಗದ ತುದಿಯನ್ನು ಹಿಮದ ಮೇಲೆ ಬಿಟ್ಟು, ಅದರ ಹಿಂದೆ ಹಾಡು ಗುನುಗುತ್ತ ಆರಾಮಾಗಿ ನಡೆದ.

ನೂರು ಹೆಜ್ಜೆ ಹೋದ ಮೇಲೆ ಬ್ರಿಗಿತ್ ತಿರುಗಿ ನೋಡಿದರು. ಹಗ್ಗದ ತುದಿ ಹಾವಿನಂತೆ ಹಿಮದ ಮೇಲೆ ಹರಿದು ಬರುತ್ತಿದೆ, ಮನುಷ್ಯ ಮಾತ್ರ ಬೇರೆಯೇ ಬರುತ್ತಿದ್ದಾನೆ. ಅವರ ಬಾಯಿಂದ ಏನೋ ಹೊರಬಿತ್ತು.

"ಏನಂದ್ರಿ ಅವ್ರು?" ಎಂದ ಅತೀಕ.

"ಜರ್ಮನ್‌ದಾಗ ಅಂದಾರ. ಅದಕ್ಕ ಕನ್ನಡ ಬ್ಯಾಡ ಬಿಡು" ಎಂದರು ಸಾಹೇಬರು.

ಬ್ರಿಗಿತ್ ಕೂಗಾಡಲಿಲ್ಲ. ಹಗ್ಗ ಹಿಡಿದು ಮೆಲ್ಲಗೆ ಹಿಂದಕ್ಕೆ ಬಂದು, ಅವನ ಹುಕ್ಕು ಹಾಕಿ, ಜಗ್ಗಿ ನೋಡಿ, ಇಬ್ಬರನ್ನೂ ಕಲ್ಲುಮನೆಗೆ ವಾಪಸು ಕರೆದುಕೊಂಡು ಹೊರಟರು. ಅವತ್ತಿನ ಶಿಖರ ರದ್ದು. ಎದುರು ಬರುತ್ತಿದ್ದ ತಂಡಗಳೆಲ್ಲ ಇವರನ್ನು ನೋಡಿ ದಾರಿ ಬಿಟ್ಟವು, ಯಾರಿಗೋ ಏನೋ ಆಗಿದೆ ಎಂದುಕೊಂಡು.

ಒಳಗೆ ಕೂತ ಮೇಲೆ ಬ್ರಿಗಿತ್ ಒಂದೇ ಪ್ರಶ್ನೆ ಕೇಳಿದರು. ಯಾಕೆ ಬಿಚ್ಚಿದೆ?

"ಫೋಟೋ ಆತಲ್ರಿ" ಎಂದ ಅತೀಕ, ಪ್ರಾಮಾಣಿಕವಾಗಿ.

ನೀಲಕಂಠ ಸಾಹೇಬರು ಇದನ್ನು ಇಂಗ್ಲಿಷಿಗೆ ತರುವಾಗ, ಅವನಿಗೆ ಟಾಯ್ಲೆಟ್ಟಿಗೆ ಅವಸರವಾಗಿತ್ತು ಎಂದು ಮಾಡಿದರು. ಟಾಯ್ಲೆಟ್ ಎಂಬ ಮಾತು ತಿಳಿಯದಷ್ಟು ದಡ್ಡನಲ್ಲ ಅತೀಕ. ಸಾಹೇಬರು ಯಾಕೆ ಮುಚ್ಚಿಹಾಕಿದರು ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಬ್ರಿಗಿತ್ ಇಬ್ಬರ ಮುಖವನ್ನೂ ನೋಡಿ, ಖಡಕ್ ರೊಟ್ಟಿಯ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದರು.

ಮೂರನೆಯ ದಿನ ಒಂದು ಸಣ್ಣ ಶಿಖರ ಹತ್ತಿ ಬಂದರು. ನಾಲ್ಕನೆಯ ದಿನ ಅದೇ ಹಿಮನದಿ ದಾಟಿ ಇಳಿಯುತ್ತಿರುವಾಗ, ಒಳ್ಳೆ ಚಾಪೆ ಹಾಸಿದ ಹಾಗಿದ್ದ ಹಿಮದ ಮೇಲೆ ಕಾಲಿಟ್ಟ ನೀಲಕಂಠ ಸಾಹೇಬರು ಇದ್ದಕ್ಕಿದ್ದಂತೆ ಇಲ್ಲವಾದರು. ಕೂಗು ಕೂಡ ಅರ್ಧ ಮಾತ್ರ ಕೇಳಿತು. ಮರುಕ್ಷಣ ಅತೀಕನ ಸೊಂಟಕ್ಕೆ ಎತ್ತು ಗುದ್ದಿದಂತಾಗಿ ಅವನು ಮುಖ ಅಡಿಯಾಗಿ ಬಿದ್ದ. ಬಿದ್ದವನನ್ನು ಹಗ್ಗ ದರದರ ಎಳೆಯತೊಡಗಿತು. ಕಲಿಸಿದ್ದು ನೆನಪಾಗಿ ಕೊಡಲಿಯನ್ನು ಹಿಮಕ್ಕೆ ಒತ್ತಿ ಅದರ ಮೇಲೆ ಮೈಯೆಲ್ಲ ಹೇರಿದ. ಮುಂದೆ ಬ್ರಿಗಿತ್ ಕೂಡ ಹಾಗೇ ಬಿದ್ದುಕೊಂಡಿದ್ದರು. ಹಗ್ಗ ನಿಂತಿತು. ಇಬ್ಬರ ನಡುವೆ ಹಿಮದಲ್ಲೊಂದು ತೂತು, ತೂತಿನಲ್ಲಿ ಸಾಹೇಬರ ಉಣ್ಣೆ ಟೊಪ್ಪಿ.

ಸಾಹೇಬರನ್ನು ಮೇಲೆತ್ತಲು ಕಾಲು ತಾಸು ಹಿಡಿಯಿತು. ಅಷ್ಟು ಹೊತ್ತೂ ತೊಂಬತ್ತು ಕಿಲೋ ತೂಕದ ಒಬ್ಬ ಮನುಷ್ಯ ಅತೀಕನ ಬೆಲ್ಟಿಗೆ ಜೋತುಬಿದ್ದಿದ್ದ. ಹದಿನೇಳು ವರ್ಷ ಆ ಬೆಲ್ಟು ಅವನ ಸೊಂಟದಲ್ಲಿತ್ತು. ಅದು ಯಾತಕ್ಕೆ ಅನ್ನುವುದು ಸೊಂಟಕ್ಕೆ ಗೊತ್ತಾದದ್ದು ಅವತ್ತೇ. ಎರಡು ದಿನದ ಹಿಂದೆ ಇಲ್ಲೇ ತಾನು ಹಾಡುತ್ತ ನಡೆದದ್ದು ನೆನಪಾಯಿತು. ಅದರ ಬೆನ್ನಿಗೇ ದೇವಿಂದ್ರಪ್ಪ ನೆನಪಾದ.

ಕಲ್ಲುಮನೆಗೆ ಬಂದಾಗ ಇನ್ನೂ ಮಧ್ಯಾಹ್ನ ಹನ್ನೆರಡು. ಹೊರಗಿನ ಕಟ್ಟೆಯ ಒಂದು ಮೂಲೆಯಲ್ಲಿ ಮಾತ್ರ ಸಿಗ್ನಲ್ ಬರುತ್ತಿತ್ತು. ಅತೀಕ ಅಲ್ಲಿ ನಿಂತು ಗುಂಪು ತೆರೆದ. ಬೆಳಗಿನ ಫೋಟೋ ಬಂದಿತ್ತು. ದೇವಿಂದ್ರಪ್ಪ, ಎರಡೂ ಹುಕ್ಕು, ಹಿಂದೆ ಮೋಡ ಕವಿದ ಆಕಾಶ. ಆಫೀಸಿನವರು ಹೆಬ್ಬೆರಳು ಎತ್ತಿ ಮೆಚ್ಚುಗೆ ಒತ್ತಿದ್ದರು. ಕೆಳಗಿನ ಮೂಲೆಯಲ್ಲಿ ಕಂದು ಬಣ್ಣದ್ದೇನೋ ಇತ್ತು. ಅತೀಕ ಬೆರಳಿನಿಂದ ದೊಡ್ಡದು ಮಾಡಿ ನೋಡಿದ. ಆಡಿನ ಕಿವಿ.

ಇನ್ನೂರು ಅಡಿ ಮೇಲೆ ಆಡು ಇರುವುದಿಲ್ಲ. ಊರಲ್ಲಿ ಈಗ ಮೂರೂವರೆ, ಆಷಾಢದ ಗಾಳಿ, ಕಬ್ಬಿಣ ಒದ್ದೆ, ದೇವಿಂದ್ರಪ್ಪ ಬರಿಗೈಯಲ್ಲಿ ಮೇಲಿದ್ದಾನೆ. ಫೋನು ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದ. ಎತ್ತಲಿಲ್ಲ.

ಒಳಗೆ ನೀಲಕಂಠ ಸಾಹೇಬರು ಎರಡೂ ಕೈಯಲ್ಲಿ ಚಹಾದ ಬಟ್ಟಲು ಹಿಡಿದು ಕೂತಿದ್ದರು.

"ಸಾಹೇಬ್ರ, ವನದುರ್ಗದ ಕೆಲಸ ನಿಲ್ಲಸ್ರಿ. ಈಗಿಂದೀಗ ನಿಲ್ಲಸ್ರಿ. ದೇವಿಂದ್ರ ಹುಕ್ಕ್ ಹಾಕಂಗಿಲ್ಲ. ನಾನೂ ಹಾಕಿಲ್ರಿ. ಐದು ವರ್ಷದ ಫೋಟೋ ಎಲ್ಲಾ ಹತ್ತಡಿವು. ಇನಾಮು ವಾಪಸ್ ತಗೋರಿ, ನೌಕರಿ ತಗೋರಿ, ಮೊದಲು ಅವನ್ನ ಕೆಳಗ ಇಳಸ್ರಿ."

ಸಾಹೇಬರು ತಲೆಯೆತ್ತಲಿಲ್ಲ.

"ಗೊತ್ತೈತಿ" ಎಂದರು.

"ಏನ್ರಿ?"

"ಐದು ವರ್ಷದಾಗ ಒಂದು ಫೋಟೋದಾಗರೆ ನಿನ್ನ ಅಂಗಿ ಗಾಳಿಗೆ ಹಾರೇತೇನು? ಅಷ್ಟು ಮ್ಯಾಲ ಗಾಳಿ ಇರಂಗಿಲ್ಲೇನು? ನನಗ ಗೊತ್ತಿತ್ತೋ ಮಾರಾಯಾ. ಮ್ಯಾಲಿನವರು ಫೋಟೋ ಕೇಳ್ಯಾರ, ನಾ ಫೋಟೋ ಕಳಿಸೀನಿ. ಈಗ ಕೆಲಸ ನಿಲ್ಲಸಬೇಕಂದ್ರ ಕಾರಣ ಬರೀಬೇಕು. ಏನಂತ ಬರೀಲಿ? ನಾಳಿಗಿ ನೋಡೋಣ."

ಅತೀಕನಿಗೆ ಸಿಟ್ಟು ಉಕ್ಕಿತು. ಸಾಹೇಬರ ಮೇಲೆಷ್ಟೋ, ತನ್ನ ಮೇಲೂ ಅಷ್ಟೇ.

"ಇವತ್ತು ಆ ತೂತಿನಾಗ ನೀವು ಹಗ್ಗಕ್ಕ ನೇತಾಡಿದ್ರೋ, ಫೋಟೋಕ್ಕ ನೇತಾಡಿದ್ರೋ ಸಾಹೇಬ್ರ?"

ಸಾಹೇಬರು ಚಹಾ ಕುಡಿದರು. ಅತೀಕ ಮತ್ತೆ ಕಟ್ಟೆಯ ಮೂಲೆಗೆ ಓಡಿ ಅಂಬವ್ವನಿಗೆ ಫೋನು ಹಚ್ಚಿದ.

"ತಂಗೆವ್ವಾ, ದೇವಿಂದ್ರ ಎಲ್ಲಿದಾನ?"

"ಮ್ಯಾಲ ಅದಾನ್ರಿ ಅಣ್ಣಾ. ಫೋಟೋ ಹಾಕೀನಲ್ಲ, ಬಂದಿಲ್ಲೇನ್ರಿ?"

"ಬಂದೈತಿ. ಈಗ ಹುಕ್ಕ್ ಹಾಕ್ಯಾನೇನು ನೋಡವಾ."

"ಫೋಟೋ ಆತಲ್ರಿ. ಮತ್ಯಾಕ?"

ತನ್ನದೇ ಮಾತು ಏಳು ಸಾವಿರ ಕಿಲೋಮೀಟರಿನಾಚೆಯಿಂದ ತಿರುಗಿ ಬಂದು ಕೆನ್ನೆಗೆ ಬಿದ್ದಂತಾಯಿತು. "ಕೇಳು ತಂಗೆವ್ವಾ" ಎಂದ. "ಹುಕ್ಕ್ ಇರೋದು ಫೋಟೋಕ್ಕಲ್ಲ. ನಾ ಅವಗ ಸುಳ್ಳ ಕಲಿಸೀನಿ. ಅಲ್ಲಿ ಕೈ ಜಾರಿದ್ರ ಹಿಡಿಯಾಕ ಏನೂ ಇಲ್ಲ. ಇವತ್ತು ನನ್ನ ಕಣ್ಣ ಮುಂದ ಒಬ್ಬರು ಹೋಗಿದ್ರು, ಹುಕ್ಕ್ ಇತ್ತಂತ ಉಳದಾರ. ಕೂಗು, ಹಾಕ್ಕೊ ಅನ್ನು ಅವಗ."

ಅಂಬವ್ವ, ಫೋನು ಕಿವಿಯಲ್ಲಿಟ್ಟುಕೊಂಡೇ, ಕೂಗತೊಡಗಿದಳು. "ಏ ಇವನಽ! ಹುಕ್ಕ್ ಹಾಕೋ! ಏ ನಮ್ಮಾಂವಽ!" ಅತೀಕ ಮೊಬೈಲನ್ನು ಕಿವಿಯಿಂದ ದೂರ ಹಿಡಿದ. ಆದರೆ ಗಾಳಿಗೆ ಆ ಕೂಗು ಟವರಿನ ಅರ್ಧಕ್ಕೂ ಮುಟ್ಟಲಿಲ್ಲವೆಂದು ತೋರುತ್ತದೆ. ಮುಟ್ಟಿದ್ದರೂ, ಇವನೆ ಎಂದರೆ ಯಾವ ಇವನು? ಅಲ್ಲಿ ಹೊಲದಲ್ಲಿದ್ದ ನಾಲ್ಕು ಮಂದಿ ಗಂಡಸರು ತಿರುಗಿ ನೋಡಿರಬೇಕು.

ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅಂಬವ್ವ ಗಂಡನ ಹೆಸರು ಹೇಳಿದವಳಲ್ಲ. ರೇಷನ್ ಕಾರ್ಡಿನವರು ಕೇಳಿದಾಗಲೂ ಪಕ್ಕದವಳ ಕೈಲಿ ಹೇಳಿಸಿದ್ದಳು. ಆಕೆ ಒಂದು ಸಲ ಉಸಿರು ಜಗ್ಗಿದ್ದು ಅತೀಕನಿಗೆ ಫೋನಿನಲ್ಲೇ ಕೇಳಿತು.

"ದೇವಿಂದ್ರಪ್ಪಾಽಽಽ! ಹುಕ್ಕ್ ಹಾಕೋ ದೇವಿಂದ್ರಪ್ಪಾಽಽಽ!"

ಅತೀಕ ಕಣ್ಣು ಮುಚ್ಚಿ ನಿಂತ. ಎದುರಿಗೆ ಜಗತ್ತಿನ ಮಂದಿಯೆಲ್ಲ ನೋಡಲು ಬರುವ ಗುಡ್ಡಗಳಿದ್ದವು, ಅವನಿಗೆ ಒಂದೂ ಬೇಡವಾಗಿತ್ತು. ಗಾಳಿ, ಆಡಿನ ಅರಚಾಟ, ಮತ್ತೆ ಗಾಳಿ. ಆಮೇಲೆ ಬಹಳ ಮೇಲಿನಿಂದ, ಸಣ್ಣಗೆ, ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು. ಠಣ್. ಸ್ವಲ್ಪ ತಡೆದು ಇನ್ನೊಂದು. ಠಣ್.

"ಹಾಕ್ಯಾನ್ರಿ ಅಣ್ಣಾ. ಎರಡೂ ಹಾಕ್ಯಾನ" ಎಂದಳು ಅಂಬವ್ವ. "ಹೆಸರ ಕೇಳಿ ಅಂಜಿ ಹಾಕ್ಯಾನ."

ಅತೀಕ ಅಲ್ಲೇ ಕುಕ್ಕರಿಸಿ ಕೂತು ಅತ್ತ. ಬ್ರಿಗಿತ್ ಬಂದು ಪಕ್ಕದಲ್ಲಿ ಕೂತರು.

ಕೊನೆಯ ದಿನ ಅವನು ನಾಲ್ಕು ಸಾವಿರ ಮೀಟರಿನ ಶಿಖರ ಹತ್ತಿದ. ಹೊರಡುವ ಮುನ್ನ ಬ್ರಿಗಿತ್ ಬಂದು ನಿಂತಾಗ ಅವರ ಗಂಟನ್ನು ಎರಡು ಸಲ ಜಗ್ಗಿದ, ನಗು ಬರಲಿಲ್ಲ. ಮೇಲೆ ನೋಡಿದರೆ ಒಂದು ಕಬ್ಬಿಣದ ಶಿಲುಬೆ, ಕೊರೆಯುವ ಗಾಳಿ, ನಿಲ್ಲಲು ಮೂರು ಮಂದಿಗೆ ಜಾಗ. ಇದಕ್ಕಿಂತ ವನದುರ್ಗದ ಟವರಿನಿಂದಲೇ ಹೆಚ್ಚು ಕಾಣುತ್ತದೆ, ಊರ ಹಳೆಯ ಕೋಟೆಯೂ ಕಾಣುತ್ತದೆ ಎನ್ನಿಸಿತು. ನೀಲಕಂಠ ಸಾಹೇಬರು ಫೋಟೋ ತೆಗೆಯುತ್ತೇನೆ ಎಂದು ಮೊಬೈಲ್ ಎತ್ತಿದವರು, ಅತೀಕನ ಮುಖ ನೋಡಿ ಅದನ್ನು ಮತ್ತೆ ಜೇಬಿನಲ್ಲಿಟ್ಟುಕೊಂಡರು.

ಊರಿಗೆ ಬಂದ ಮೇಲೆ ಮೊದಲ ಕೆಲಸ ಮುದನಾಳದ ಟವರಿನದು. ದೇವಿಂದ್ರಪ್ಪನ ಬೈಕಿನ ಹಿಂದೆ ಅಂಬವ್ವನೂ ಬಂದಿದ್ದಳು. ವನದುರ್ಗದ ಕೆಲಸ ಮುಗಿಯುವವರೆಗೆ ಆಕೆ ದಿನಾ ಟವರಿನ ಬುಡದಲ್ಲಿ ಕಾವಲು ಕೂತಿದ್ದಳಂತೆ, ಇನ್ನು ಬಿಡುವ ಲಕ್ಷಣ ಕಾಣುತ್ತಿರಲಿಲ್ಲ. ಅತೀಕ ಹತ್ತತೊಡಗಿದ. ಒಂದು ಹುಕ್ಕು ಹಾಕಿ, ಇನ್ನೊಂದು ಬಿಚ್ಚಿ, ಮೇಲೆ ಸಿಕ್ಕಿಸಿ, ಮತ್ತೆ ಮೊದಲಿನದು ಬಿಚ್ಚಿ. ಪ್ರತಿ ಮೆಟ್ಟಿಲಿಗೂ ಕೆಳಗಿನಿಂದ ಕೂಗು.

"ಹಾಕಿದ್ರೇನ್ರಿ ಅಣ್ಣಾ?"

"ಹಾಕೀನವಾ!"

ಅರ್ಧ ಊರು ಸೇರಿತು. ಆಲ್ಪ್ಸ್ ಹತ್ತಿ ಬಂದವ ಮುದನಾಳದ ಟವರಿಗೆ ಅಂಜುತ್ತಾನೆ ನೋಡ್ರೋ ಎಂದು ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಅತೀಕ ಕಿವಿಗೆ ಹಾಕಿಕೊಳ್ಳಲಿಲ್ಲ. ಐವತ್ತು ನಿಮಿಷಕ್ಕೆ ತುದಿ ಮುಟ್ಟಿದ. ಹದಿನೇಳು ವರ್ಷದಲ್ಲಿ ಮೊದಲ ಸಲ ನೆಲದಿಂದ ತುದಿಯವರೆಗೆ ಹುಕ್ಕು ಹಾಕಿ ಹತ್ತಿದ ದಿನ ಅದು. ಈ ಗದ್ದಲದಲ್ಲಿ ಹತ್ತಡಿಗೆ ನಿಂತು ಫೋಟೋ ತೆಗೆಸುವುದು ಮೂವರಿಗೂ ಮರೆತೇ ಹೋಯಿತು.

ಮರುದಿನ ನೋಟಿಸ್ ಬಂತು. ಗುಲಫಶಾ ಕೊಟ್ಟ ಚಹಾ ಹೀರುತ್ತ ದೇವಿಂದ್ರಪ್ಪ ಮೊಬೈಲಿನಲ್ಲಿ ಬಂದಿದ್ದನ್ನು ಗಟ್ಟಿಯಾಗಿ ಓದಿದ. "ಸುರಕ್ಷತಾ ಬೆಲ್ಟ್ ಧರಿಸದೆ ಟವರ್ ಹತ್ತಿದ್ದರಿಂದ ಸದರಿ ದಿನವನ್ನು ಗೈರುಹಾಜರಿ ಎಂದು ಪರಿಗಣಿಸಲಾಗಿದೆ." ಕೆಳಗೆ ನೀಲಕಂಠ ಸಾಹೇಬರ ಸಹಿ. ಓದುತ್ತ ಓದುತ್ತ ಅವನಿಗೆ ನಗು ತಡೆಯಲಾಗದೆ ಚಹಾ ಮೂಗಿಗೇರಿತು.

"ಏನ್ ಮಾಡೋದು ಭಾಯಿ ಈಗ?"

"ಇನ್ನೊಂದು ಸಲ ಓದು" ಎಂದ ಅತೀಕ.

ದೇವಿಂದ್ರಪ್ಪ ಓದಿದ. ಅತೀಕ ಮತ್ತೆ ಓದು ಎಂದ. ನೋಟಿಸಿನಲ್ಲಿ ಏನಿದೆಯೋ ಅದು ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಓದಲು ದೇವಿಂದ್ರಪ್ಪ ಜೀವಂತ ಇದ್ದಾನಲ್ಲ, ಆ ದನಿಯನ್ನು ಎಷ್ಟು ಸಲ ಕೇಳಿದರೂ ಅವನಿಗೆ ಸಾಕಾಗಲಿಲ್ಲ.